ಗಲ್ಲಾದ ಕಿವಿ

ಹೋದ ತಿಂಗಳು ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಸಾಂಬಾರಿಗೆ ಉಪ್ಪು ಜಾಸ್ತಿಯಾಗಿತ್ತು. ಗಲ್ಲಾದಲ್ಲಿ ಕೂತಿದ್ದ ಯಜಮಾನರಿಗೆ ಹೇಳಿದೆ. ಅವರು ಎದ್ದು ಒಳಗೆ ಹೋಗಿ ತಾವೇ ರುಚಿ ನೋಡಿದರು. "ಹೌದು ಮಾರಾಯ್ರೆ" ಅಂದರು. ಎರಡೇ ನಿಮಿಷದಲ್ಲಿ ಬೇರೆ ಸಾಂಬಾರು ಬಂತು.

ಅದೇ ವಾರ ಡೊಂಬಿವಲಿಯ ನಮ್ಮ ಮನೆಗೆ ಮಗಳು ದೊಡ್ಡ ಕಂಪನಿಯೊಂದರ ಬರ್ಗರ್ ತರಿಸಿದಳು. ಕೇಳಿದ್ದೇ ಒಂದು, ಬಂದದ್ದೇ ಇನ್ನೊಂದು, ಅದೂ ತಣ್ಣಗೆ. ಕಂಪನಿಯ ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದಳು. ಕೂಡಲೇ ಉತ್ತರ ಬಂತು: ಕ್ಷಮಿಸಿ, ಆರ್ಡರ್ ನಂಬರ್ ಮೆಸೇಜ್ ಮಾಡಿ. ಮಾಡಿದಳು. ಮತ್ತೆ ಅದೇ ವಾಕ್ಯ. ಮೂರನೇ ಸಲವೂ ಅದೇ. ಅಷ್ಟರಲ್ಲಿ ಆ ಪೇಜಿನಲ್ಲಿ ಹೊಸ ರೀಲ್ ಮಾತ್ರ ಬಂದಿತ್ತು.

ಹಾಗಂತ ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಸುಮ್ನೆ ದುಡ್ಡು ದಂಡ ಅಂತ ನನಗೆ ಅನಿಸುವುದಿಲ್ಲ. ಕರಿದ ಚಿಕನ್ ಮಾರುವ ಅಮೆರಿಕದ ಕಂಪನಿ ಕೆಎಫ್‌ಸಿಯನ್ನೇ ನೋಡಿ. ನಮಗೂ ಅದಕ್ಕೂ ಹಳೆಯ ಪರಿಚಯ. ಭಾರತದಲ್ಲಿ ಅದರ ಮೊದಲ ಅಂಗಡಿ ತೆರೆದದ್ದು 1995ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ. ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಅದರ ವಿರುದ್ಧ ಬೀದಿಗಿಳಿದದ್ದು ನನ್ನ ವಯಸ್ಸಿನವರಿಗೆ ಮರೆತಿರಲಿಕ್ಕಿಲ್ಲ. ಆಗ ಸಿಟ್ಟು ಬಂದವರು ಅಂಗಡಿ ಬಾಗಿಲಿಗೇ ಹೋಗಬೇಕಿತ್ತು. ಈಗ ಫೋನ್ ಸಾಕು.

ಈ ಕಂಪನಿ ಟ್ವಿಟರ್‌ನಲ್ಲಿ ಬರೀ 11 ಖಾತೆಗಳನ್ನು ಫಾಲೋ ಮಾಡುತ್ತಿತ್ತು. ಐವರು ಸ್ಪೈಸ್ ಗರ್ಲ್ಸ್ ತಂಡದ ಗಾಯಕಿಯರು. ಉಳಿದ ಆರು ಜನರ ಹೆಸರು ಹರ್ಬ್. ಅದರ ಗುಟ್ಟಿನ ಮಸಾಲೆಯೂ 11 ಹರ್ಬ್ಸ್ ಮತ್ತು ಸ್ಪೈಸಸ್, ಅಂದರೆ ಸೊಪ್ಪು ಮತ್ತು ಸಾಂಬಾರ ಪದಾರ್ಥ, ಅಲ್ವಾ! ಕಂಪನಿ ಇದನ್ನು ಸಾರಲಿಲ್ಲ. 2017ರಲ್ಲಿ ಟ್ವಿಟರ್ ಬಳಸುವವರೊಬ್ಬರು ಕಂಡುಹಿಡಿದು ಬರೆದರು, ಲೋಕವೆಲ್ಲ ಹಂಚಿಕೊಂಡಿತು. ಜನರ ಜಾಣತನವನ್ನು ನಂಬುವ ಇಂಥ ಕೆಲಸ ನನಗೆ ತುಂಬ ಹಿಡಿಸುತ್ತದೆ.

ಅದಕ್ಕಿಂತ ದೊಡ್ಡದು 2018ರ ಕಥೆ. ಬ್ರಿಟನ್ನಿನಲ್ಲಿ ಸಾಗಣೆ ಗುತ್ತಿಗೆ ಬದಲಾಯಿಸಿದ ಮೇಲೆ ಅಂಗಡಿಗಳಿಗೆ ಕೋಳಿಯೇ ತಲುಪಲಿಲ್ಲ. ಅರ್ಧಕ್ಕಿಂತ ಜಾಸ್ತಿ ಅಂಗಡಿ ಮುಚ್ಚಿದವು. ಆಗ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಬಂತು. ಖಾಲಿ ಬಕೆಟ್, ಅದರ ಮೇಲೆ ತನ್ನದೇ ಹೆಸರಿನ ಮೂರು ಅಕ್ಷರ ಅದಲುಬದಲಾಗಿ ‘ಎಫ್‌ಸಿಕೆ’, ಇಂಗ್ಲಿಷಿನ ಬೈಗುಳದಲ್ಲಿ ತನ್ನನ್ನು ತಾನೇ ಬೈದುಕೊಂಡ ಹಾಗೆ. ಕೆಳಗೆ ಕ್ಷಮೆ. ಆ ಜಾಹೀರಾತಿನಲ್ಲಿ ಸಾಗಣೆಯವರ ಮೇಲೆ ತಪ್ಪು ಹೊರಿಸಲಿಲ್ಲ. ಜನ ಅದರ ಫೋಟೊ ಹಂಚಿದ್ದೇ ಹಂಚಿದ್ದು. "ಹೌದು ಮಾರಾಯ್ರೆ" ಅನ್ನುವುದಕ್ಕೆ ಅಷ್ಟು ಬಲ ಇದೆ.

ಆದರೆ ಹೆಸರು ಒಂದು, ಬಾಯಿ ನೂರು. 2022ರಲ್ಲಿ ದೇಶದ ಹೊರಗಿನ ಕೆಎಫ್‌ಸಿ ಪೇಜಿನಲ್ಲಿ ಕಾಶ್ಮೀರದ ಬಗ್ಗೆ ಬಂದ ಪೋಸ್ಟಿಗೆ ಇಲ್ಲಿ ಬಹಿಷ್ಕಾರದ ಕೂಗೆದ್ದಿತು. ಕೆಎಫ್‌ಸಿ ಇಂಡಿಯಾ ಕ್ಷಮೆ ಕೇಳಬೇಕಾಯ್ತು. ಇಲ್ಲಿ ಚಿಕನ್ ಕರಿಯುವ ಹುಡುಗರಿಗೆ ಆ ಪೋಸ್ಟಿನ ಗಂಧಗಾಳಿಯೂ ಇರಲಿಕ್ಕಿಲ್ಲ.

ಇನ್ನು ಭಾಷೆ. ಮಾಟುಂಗಾದ ಆ ಯಜಮಾನರು ಒಬ್ಬರಿಗೆ ಮರಾಠಿ, ಪಕ್ಕದವರಿಗೆ ಗುಜರಾತಿ, ನನಗೆ ಕನ್ನಡ, ಮಾಣಿಗೆ ತುಳು ಮಾತಾಡುತ್ತಾರೆ. ಅದಕ್ಕೆ ಅವರು ಏಜೆನ್ಸಿ ಇಟ್ಟಿಲ್ಲ. ಎದುರಿಗೆ ಯಾರು ನಿಂತಿದ್ದಾರೆ ಅಂತ ನೋಡುತ್ತಾರೆ, ಅಷ್ಟೆ. ದೊಡ್ಡ ಬ್ರ್ಯಾಂಡ್‌ಗಳಿಗೆ ಮುಂಬೈಯೂ ಮೈಸೂರೂ ಒಂದೇ, ಎಲ್ಲರಿಗೂ ಅದೇ ಇಂಗ್ಲಿಷ್ ಬೆರೆಸಿದ ಹಿಂದಿ.

ರೀಲ್ ಮಾಡುವುದಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಉತ್ತರ ಬರೆಯುವವರಿಗೆ ಹೋಗಲಿ. ಡೊಂಬಿವಲಿಯ ದೂರು ಡೊಂಬಿವಲಿಯ ಅಂಗಡಿಯ ಮ್ಯಾನೇಜರ್ ಫೋನಿಗೇ ಬರಲಿ. ಯಾರನ್ನೂ ಕೇಳದೆ ಬೇರೆ ಬರ್ಗರ್ ಕಳಿಸುವ ಅಧಿಕಾರ ಅವರಿಗಿರಲಿ. ಉತ್ತರದ ಕೆಳಗೆ ಅವರ ಹೆಸರೂ ಇದ್ದರೆ, ಮುಂದಿನ ಸಲ ಮಗಳು ಅಂಗಡಿಗೇ ಹೋಗಿ ಅವರನ್ನು ಮಾತಾಡಿಸಿಕೊಂಡು ಬರುತ್ತಾಳೆ.