ಭೋಜ್‌ಪುರಿಗೆ ಲಿಪಿ ಇರಲಿಲ್ಲವೇ? ಒಂದು ಸ್ಪಷ್ಟನೆ

‘ತಮಿಳಿಗೆ ಸ್ವಂತ ಲಿಪಿ ಇದೆ, ಹಾಗಾಗಿ ಅದು ಭಾಷೆ. ಭೋಜ್‌ಪುರಿಗೆ ಲಿಪಿಯೇ ಇರಲಿಲ್ಲ, ಅದು ಬರೀ ಹಿಂದಿಯ ಉಪಭಾಷೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಭೋಜ್‌ಪುರಿಯನ್ನು ಹಿಂದೆ ಕೈಥಿ ಲಿಪಿಯಲ್ಲಿ ಬರೆಯುತ್ತಿದ್ದರು. ಬಿಹಾರದ ಹಳೆಯ ಜಮೀನು ಪತ್ರಗಳಲ್ಲಿ ಕೈಥಿ ಇವತ್ತಿಗೂ ಸಿಗುತ್ತದೆ. ದೇವನಾಗರಿ ಬಳಕೆ ಜಾಸ್ತಿಯಾದದ್ದು ಆಮೇಲೆ. ಅಷ್ಟಕ್ಕೂ ಲಿಪಿ ನೋಡಿ ಭಾಷೆಯನ್ನು ಅಳೆಯುವುದು ಸರಿಯಲ್ಲ. ತುಳುವನ್ನು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಆದರೂ ಅದು ಬೇರೆಯೇ ಭಾಷೆ, ಅಲ್ವಾ?

ವ್ಯಾಕರಣ ನೋಡಿದರೆ ಭೋಜ್‌ಪುರಿಯ ಹತ್ತಿರದ ನೆಂಟರು ಬಿಹಾರದ ಮೈಥಿಲಿ ಮತ್ತು ಮಗಹಿ ಭಾಷೆಗಳು. ತಮಿಳು ದ್ರಾವಿಡ ಕುಟುಂಬದ್ದು, ಅದರ ದಾರಿಯೇ ಬೇರೆ.

ಗೊಂದಲಕ್ಕೆ ಸರ್ಕಾರಿ ಲೆಕ್ಕವೂ ಕಾರಣ. 2011ರ ಜನಗಣತಿಯಲ್ಲಿ ತಮಿಳು ಮಾತಾಡುವವರು ಸುಮಾರು 6.9 ಕೋಟಿ. ಭೋಜ್‌ಪುರಿಯವರು ಸುಮಾರು 5 ಕೋಟಿ, ಆದರೆ ಅವರನ್ನು ಹಿಂದಿಯ ಖಾತೆಗೆ ಸೇರಿಸಲಾಗಿದೆ. ಮಾನ್ಯತೆ ಪಡೆದ ಭಾಷೆಗಳ ಪಟ್ಟಿಯಾದ ಸಂವಿಧಾನದ 8ನೇ ಪರಿಚ್ಛೇದದಲ್ಲಿ ತಮಿಳು ಇದೆ, ಭೋಜ್‌ಪುರಿ ಇನ್ನೂ ಇಲ್ಲ.