ಮಾದರಿ ಮತ್ತೆ ಕಲಿಯಬೇಕಾದದ್ದು ಯಾವಾಗ?

ನಿಯಂತ್ರಣ ತಂತ್ರಾಂಶ ಮಾರಲು ಇಂದು ನಮ್ಮಲ್ಲಿಗೆ ಬಂದಿದ್ದವರು, ‘ನಮ್ಮ ಮಾಡೆಲ್ ಪ್ರತಿ ರಾತ್ರಿ ತಾನಾಗಿಯೇ ಹೊಸದಾಗಿ ಕಲಿಯುತ್ತದೆ’ ಎಂಬುದನ್ನೇ ದೊಡ್ಡ ಹೆಗ್ಗಳಿಕೆಯಾಗಿ ಹೇಳಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಮಾಡೆಲ್ ಅಥವಾ ಮಾದರಿ ಎಂದರೆ ಯಂತ್ರ ಹೇಗೆ ವರ್ತಿಸುತ್ತದೆ ಎಂದು ಊಹಿಸುವ ಲೆಕ್ಕ. ಹಳೆಯ ಮಾದರಿಯಲ್ಲಿ ಏನು ತಪ್ಪು ಕಂಡು ಕಲಿಯುತ್ತದೆ ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ.

ನನ್ನ ಕೆಲಸ ಬಲ್ಲ ಸ್ನೇಹಿತರಿಗೆ ಹೀಟ್ ಎಕ್ಸ್‌ಚೇಂಜರ್, ಅಂದರೆ ಉಗಿಯ ಶಾಖದಿಂದ ದ್ರವವನ್ನು ಬಿಸಿಮಾಡುವ ಯಂತ್ರ, ಹೊಸದಲ್ಲ. ರಾತ್ರಿ ಪಾಳಿಯಲ್ಲಿ ಸೆಟ್‌ಪಾಯಿಂಟ್ (ದ್ರವಕ್ಕೆ ನಾವು ಗೊತ್ತುಮಾಡಿದ ಉಷ್ಣತೆ) ಕದಲುವುದಿಲ್ಲ. ಒಳಬರುವ ದ್ರವ ತಣ್ಣಗಾದಾಗ ಮಾತ್ರ, ಆ ಉಷ್ಣತೆಯನ್ನು ಕಾಯುವ ಕಂಟ್ರೋಲರ್ ಉಗಿಯ ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಈ ದತ್ತಾಂಶವನ್ನಷ್ಟೇ ನೋಡಿದ ಲೆಕ್ಕಾಚಾರಕ್ಕೆ ವಾಲ್ವ್ ತೆರೆದಾಗಲೆಲ್ಲ ಉಷ್ಣತೆ ಕಡಿಮೆಯಿರುವುದು ಕಾಣುತ್ತದೆ. ಅಂದರೆ, ಉಗಿ ಹೆಚ್ಚಿಸಿದರೆ ದ್ರವ ತಣ್ಣಗಾಗುತ್ತದೆ ಎಂದೇ ಅದು ಕಲಿತುಬಿಡಬಹುದು! ಅದು ಕಲಿತದ್ದು ಯಂತ್ರದ ಗುಣವನ್ನಲ್ಲ, ಕಂಟ್ರೋಲರಿನ ನಡವಳಿಕೆಯನ್ನು, ಅದೂ ತಲೆಕೆಳಗಾಗಿ.

ಎಡೆಬಿಡದೆ ಕಲಿಯುವುದರಲ್ಲೂ ಇದೇ ಅಪಾಯ. ಮರೆವಿನ ಗುಣಾಂಕ (ಹೊಸ ಅಳತೆ ಬಂದಂತೆಲ್ಲ ಹಳೆಯವುಗಳ ತೂಕ ತಗ್ಗಿಸುವ ಸಂಖ್ಯೆ) 0.99 ಇಟ್ಟರೆ ಅಲ್ಗಾರಿದಮ್‌ನ ನೆನಪು ಸುಮಾರು 100 ಅಳತೆಗಳಷ್ಟು ಮಾತ್ರ. ಸೆಕೆಂಡಿಗೊಂದು ಅಳತೆಯಾದರೆ ಎರಡು ನಿಮಿಷವೂ ಇಲ್ಲ. ಎಲ್ಲವೂ ಶಾಂತವಾಗಿರುವಾಗ ಹಿಂದೆ ಕಷ್ಟಪಟ್ಟು ಕಲಿತದ್ದು ಅಳಿಸಿಹೋಗಿ, ಅಳತೆಯ ಸಹಜ ಏರಿಳಿತವೇ ಪಾಠವಾಗುತ್ತದೆ.

ಯಂತ್ರವೂ ಬದಲಾಗುತ್ತದಲ್ಲ, ಕೊಳವೆಗಳಲ್ಲಿ ಕೊಳೆ ಕಟ್ಟುತ್ತದಲ್ಲ, ಹಾಗಾಗಿ ಪ್ರತಿ ರಾತ್ರಿ ಕಲಿಯಬೇಕು ಎಂದು ಕೆಲವರು ಹೇಳುತ್ತಾರೆ. ನಿಜ, ಕಟ್ಟುತ್ತದೆ. ಆದರೆ ಆ ಕೊಳೆ ವಾರಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಶುಚಿಗೊಳಿಸಿದ ದಿನ ಒಮ್ಮೆಲೇ ಮಾಯವಾಗುತ್ತದೆ; ಎರಡರಲ್ಲಿ ಯಾವುದೂ ಗಡಿಯಾರ ನೋಡಿ ನಡೆಯುವುದಿಲ್ಲ. ಆದ್ದರಿಂದ ಈ ವಾದವನ್ನು ನಾನು ಒಪ್ಪಲಾರೆ.

ಮಾದರಿ ಊಹಿಸಿದ್ದಕ್ಕೂ ಅಳತೆಗೆ ಸಿಕ್ಕಿದ್ದಕ್ಕೂ ಇರುವ ಅಂತರ, ಸಹಜ ಏರಿಳಿತದಿಂದ ವಿವರಿಸಲಾಗದಷ್ಟು ಬೆಳೆದು, ಹಾಗೆಯೇ ನಿಂತಾಗ ಮಾತ್ರ ಮರುಕಲಿಕೆ ಶುರುವಾಗಬೇಕು. ಸಂಶೋಧಕರಾದ ಸೊಲೊವ್ಯೋವ್ ಮತ್ತು ಟ್ರಿಂಪೆ 2020ರಲ್ಲಿ ‘ಆಟೊಮ್ಯಾಟಿಕಾ’ ಪತ್ರಿಕೆಯಲ್ಲಿ ಬರೆದ ‘ಇವೆಂಟ್-ಟ್ರಿಗರ್ಡ್ ಲರ್ನಿಂಗ್’ ವಿಧಾನ ಇಂಥದ್ದೇ: ಅಲ್ಲಿ ಮಾದರಿಯ ಊಹೆ ತಪ್ಪಿದಾಗ ಮಾತ್ರ ಅಳತೆಯ ಸಂದೇಶ ಹೋಗುತ್ತದೆ; ಆ ಸಂದೇಶಗಳ ನಡುವಿನ ಅವಧಿ ಮಾದರಿಯ ನಿರೀಕ್ಷೆಯಿಂದ ಸಂಖ್ಯಾಶಾಸ್ತ್ರದ ಮಿತಿ ಮೀರಿ ಬೇರೆಯಾದಾಗಷ್ಟೇ ಅದು ಹೊಸದಾಗಿ ಕಲಿಯಲು ಹೊರಡುತ್ತದೆ.

ಮಿತಿ ಮೀರಿದ ಮೇಲೂ ಆತುರ ಸಲ್ಲದು. ಥರ್ಮೋಕಪಲ್ (ಉಷ್ಣತೆ ಅಳೆಯುವ ಸೆನ್ಸರ್) ಕೆಟ್ಟರೂ ಅಂತರ ಬೆಳೆಯುತ್ತದೆ. ಆಗ ಮರುಕಲಿಕೆ ಮಾಡಿದರೆ ದೋಷವೇ ಮಾದರಿಯೊಳಗೆ ಅಡಗಿಹೋಗುತ್ತದೆ. ಮೊದಲು ಸೆನ್ಸರ್ ಪರೀಕ್ಷೆಯಾಗಲಿ. ನಂತರ ಆಪರೇಟರ್ ಒಪ್ಪಿಗೆಯಿಂದ ವಾಲ್ವನ್ನು ಸಣ್ಣ ಹೆಜ್ಜೆಗಳಲ್ಲಿ ಕದಲಿಸಿ ದತ್ತಾಂಶ ಪಡೆಯಬೇಕು. ಹೊಸ ಮಾದರಿ ತಾನು ನೋಡಿರದ ದತ್ತಾಂಶದ ಮೇಲೆ ಹಳೆಯದನ್ನು ಮೀರಿಸಿದರೆ ಮಾತ್ರ ಜಾರಿಗೆ ಬರಬೇಕು. ಮತ್ತು ಆ ಬದಲಾವಣೆ, ಕಾರಣದ ಸಮೇತ, ಪಾಳಿಯಲ್ಲಿರುವ ಆಪರೇಟರ್‌ನ ತೆರೆಯ ಮೇಲೆ ಕಾಣಲೇಬೇಕು, ಏಕೆಂದರೆ ಆ ಉಗಿಯ ಪಕ್ಕದಲ್ಲಿ ನಿಲ್ಲುವವರು ಅವರು.