ಮಳೆಗಾಲದ ಚಂದ್ರನಿಗೆ ವಿಆರ್ ಹೆಡ್‌ಸೆಟ್

ತೀರ್ಥಹಳ್ಳಿ, ಹೊಸನಗರ ಕಡೆಯ ಹೈಸ್ಕೂಲಿಗೆ, ಕಣ್ಣಿಗೆ ತೊಟ್ಟರೆ ಸುತ್ತಲೂ ಬೇರೆಯದೇ ದೃಶ್ಯ ತೋರಿಸುವ ವಿಆರ್ ಹೆಡ್‌ಸೆಟ್ ಬೇಕೇ? ಬೇಕು, ಆಕಾಶದ ಪಾಠಕ್ಕಾದರೂ ಬೇಕೇ ಬೇಕು. ಶಾಲೆ ತೆರೆಯುವ ಹೊತ್ತಿಗೆ ಮೋಡ ಕವಿದರೆ ಸೆಪ್ಟೆಂಬರ್‌ವರೆಗೂ ಚಂದ್ರ ಕಂಡರೆ ಪುಣ್ಯ.

ಆದರೆ ಮೊದಲು ಚೆಂಡು, ಆಮೇಲೆ ಹೆಡ್‌ಸೆಟ್. ಕತ್ತಲೆ ಕೋಣೆಯಲ್ಲಿ ಒಂದು ಬಲ್ಬು, ಕಡ್ಡಿಗೆ ಚುಚ್ಚಿದ ಬಿಳಿ ಚೆಂಡು. ಬಲ್ಬು ಸೂರ್ಯ, ಚೆಂಡು ಚಂದ್ರ, ಮಗುವಿನ ತಲೆಯೇ ಭೂಮಿ. ಬಲ್ಬಿಗೆ ಮುಖಮಾಡಿ ನಿಂತರೆ ಅಮಾವಾಸ್ಯೆ. ಚೆಂಡನ್ನು ಚಾಚಿ ಹಿಡಿದು ಎಡಕ್ಕೆ ತಿರುಗುತ್ತಾ ಹೋದರೆ ಬಲಅಂಚಿನಿಂದ ಬೆಳಕು ತುಂಬುತ್ತದೆ. ಬಲ್ಬಿಗೆ ಬೆನ್ನಾದಾಗ ಚೆಂಡು ತಲೆಗಿಂತ ತುಸು ಮೇಲಿರಬೇಕು, ಇಲ್ಲವಾದರೆ ತಲೆಯ ನೆರಳು ಬಿದ್ದು ಪ್ರತಿ ಹುಣ್ಣಿಮೆಯೂ ಗ್ರಹಣವಾಗುತ್ತದೆ. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿದೆ ಎಂದು ಹೇಳಬೇಕಾದದ್ದು ಆ ಗಳಿಗೆಯಲ್ಲೇ. ಭೂಮಿಯ ನೆರಳಿನಿಂದಲೇ ಚಂದ್ರ ಸವೆಯುತ್ತಾನೆ ಎಂಬ ತಪ್ಪು ತಿಳಿವಳಿಕೆ ಹೋಗುವುದೂ ಅಲ್ಲೇ. ಚೆಂಡು ಭೂಮಿಯಿಂದ ಕಾಣುವ ನೋಟ ಕೊಡುತ್ತದೆ. ಸೂರ್ಯ, ಭೂಮಿ, ಚಂದ್ರ ಮೂವರನ್ನೂ ಹೊರಗೆ ನಿಂತು, ಸುತ್ತಲೂ ತಿರುಗಿ ನೋಡುವುದಕ್ಕೆ ಹೆಡ್‌ಸೆಟ್.

40 ಮಕ್ಕಳಿಗೆ 4 ಹೆಡ್‌ಸೆಟ್, ತಲೆಗೆ 5 ನಿಮಿಷ ಎಂದರೆ 50 ನಿಮಿಷ, ಪೀರಿಯಡ್ಡು 40. ಪಾಠವನ್ನು ಎರಡು ದಿನಕ್ಕೆ ಹಂಚಿ, ಕಾಯುವ ಮಕ್ಕಳ ಕೈಗೆ ಚೆಂಡು ಕೊಡಿ. ಕುರ್ಚಿಯಲ್ಲಿ ಕೂರಿಸಿಯೇ ತೊಡಿಸಿ, ತಲೆ ಸುತ್ತಿದರೆ ತಕ್ಷಣ ತೆಗೆಯಿರಿ. ಲೆನ್ಸುಗಳ ಅಂತರವನ್ನು ಪ್ರತಿ ಮಗುವಿಗೂ ಹೊಂದಿಸದಿದ್ದರೆ ಚಿತ್ರ ಮಸುಕಾಗಿ ತಲೆನೋವು ಬರುತ್ತದೆ. ಕರೆಂಟು ಹೋಗಿ ಕೋಣೆ ಮಬ್ಬಾದರೆ ಹೆಡ್‌ಸೆಟ್ಟಿನ ಕ್ಯಾಮೆರಾಗಳಿಗೆ ಗೋಡೆ ಕಾಣದೆ ದೃಶ್ಯ ಜಾರುತ್ತದೆ. ಒಂದು ಎಲ್‌ಇಡಿ ಎಮರ್ಜೆನ್ಸಿ ದೀಪ ಇಟ್ಟುಕೊಳ್ಳಿ. ರಟ್ಟಿನ ಕನ್ನಡಕಕ್ಕೆ ಫೋನ್ ಸಿಕ್ಕಿಸುವುದಾದರೆ ಅದರಲ್ಲಿ ತಿರುಗುವಿಕೆಯನ್ನು ಗುರುತಿಸುವ ಗೈರೋಸ್ಕೋಪ್ ಇದೆಯೇ ನೋಡಿ. ಅಗ್ಗದ ಎಷ್ಟೋ ಫೋನುಗಳಲ್ಲಿ ಇರುವುದಿಲ್ಲ, ತಲೆ ತಿರುಗಿಸಿದರೂ ಚಿತ್ರ ತಿರುಗುವುದಿಲ್ಲ.

ನಾನು ನೆಲೆಸಿರುವ ಕೇರಳದಲ್ಲಿ, ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರದ ‘ಕೈಟ್’ ಸಂಸ್ಥೆ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟಿತು. 2018ರಲ್ಲಿ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಕೂಟವನ್ನೂ ಕಟ್ಟಿತು. ಯಂತ್ರ ನೋಡಿಕೊಳ್ಳುವುದರಲ್ಲಿ ಆ ಮಕ್ಕಳಿಗೂ ಪಾಲಿದೆ. ನಮ್ಮ ಕಡೆ ಬೆಲೆಬಾಳುವ ಸಾಮಾನು ಬಂದರೆ ಬೀರುವಿಗೆ ಬೀಗ. ಮಲೆನಾಡಿನ ಬೀರುವಿನಲ್ಲಿ ಒಂದು ಮಳೆಗಾಲ ಕಳೆದ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಪೂರ್ತಿ ಇಳಿದ ಬ್ಯಾಟರಿ ಮತ್ತೆ ಏಳದೆಯೂ ಹೋಗಬಹುದು. ಈ ವಿಷಯದಲ್ಲಿ ಕೇರಳದ ದಾರಿಯೇ ನಮಗೆ ಸರಿ ಎನ್ನುತ್ತೇನೆ.

ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳಿಗೆ ಕೀಲಿ ಕೊಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಹಸಿರಿಗೆ ತಿರುಗಿದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕುವುದು. ಬ್ಯಾಟರಿ ಅರ್ಧ ಚಾರ್ಜಿನಲ್ಲಿರಲಿ, ತಿಂಗಳಿಗೊಮ್ಮೆ ನೋಡಲಿ. ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಮಾತ್ರ ಒರೆಸಲಿ. ಮಳೆ ಹೊಳವಾದ ದಿನ ಒಣಗಲೆಂದು ಬಿಸಿಲಿಗಿಡುವ ಆಸೆಯಾಗುತ್ತದೆ. ಲೆನ್ಸಿನ ಮೇಲೆ ಬಿದ್ದ ಬಿಸಿಲು ಒಳಗಿನ ಪರದೆಯ ಮೇಲೆ ಒಂದೇ ಬಿಂದುವಿಗೆ ಕೂಡಿ ಅದನ್ನು ಸುಡುತ್ತದೆ. ಆ ಕಲೆ ಹೋಗುವುದಿಲ್ಲ.